ಹರಟೆಯ ಪುಸ್ತಕಕ್ಕೆ ಬಂದ ಪತ್ರಗಳು

ಕೆಲಸದಿಂದ ನಿವೃತ್ತನಾದ ಎರಡು ವರ್ಷಗಳ ತರುವಾಯ, 2021ರಲ್ಲಿ, ನಾನು ಹದಿನಾಲ್ಕು ಹರಟೆಗಳ ಒಂದು ಪುಸ್ತಕವನ್ನು ಪ್ರಕಟಿಸಿದೆ. ಅಚ್ಚಾದದ್ದು 500 ಪ್ರತಿ. ನನ್ನ ಬಾಲ್ಯ, ಬನಹಟ್ಟಿಯಲ್ಲಿದ್ದ ನಮ್ಮ ನೇಕಾರ ಮನೆ, ಜಮಖಂಡಿಯ ಶಾಲೆ, ಧಾರವಾಡದಲ್ಲಿ ಎಂ.ಎ. ಓದುವಾಗಿನ ಪೇಚಾಟಗಳು, ಇವೇ ಅದರ ವಸ್ತು. ಎಲ್ಲ ಹರಟೆಗಳಲ್ಲಿಯೂ ಮೂರ್ಖನಾಗಿ ಬರುವವನು ನಾನೇ. ಈ ಪುಸ್ತಕಕ್ಕೆ ನಲವತ್ತೆರಡು ಪತ್ರಗಳು ಬಂದವು. ಮೊಬೈಲಿಗೆ ಬಂದ, ಹೆಬ್ಬೆರಳೆತ್ತಿದ ಚಿತ್ರಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಪುಸ್ತಕವನ್ನು ಓದದೆಯೂ ಎತ್ತಬಹುದಾದ ಬೆರಳು ಅದು. ಕಾಗದದ ಮೇಲೆ ಕೈಯಿಂದ ಬರೆದು ಅಂಚೆಗೆ ಹಾಕಿದವರು ಮಾತ್ರ ನಲವತ್ತೆರಡು ಮಂದಿ. ಇವರಲ್ಲಿ ಹನ್ನೊಂದು ಮಂದಿ ಪುಸ್ತಕದ ಒಂದೇ ಒಂದು ವಾಕ್ಯವನ್ನು ಎತ್ತಿ ಬರೆದು, ಅದನ್ನು ಓದಿ ಬಹಳ ನಕ್ಕೆವೆಂದು ತಿಳಿಸಿದ್ದಾರೆ. ಆ ವಾಕ್ಯದ ಸಂಗತಿಯನ್ನು ಆಮೇಲೆ ಹೇಳುತ್ತೇನೆ.

ತನ್ನನ್ನು ತಾನೇ ನಗೆಗೀಡು ಮಾಡಿಕೊಂಡು ತನ್ನ ಊರಿನ, ತನ್ನ ಜನದ ಕಥೆಯನ್ನು ಹೇಳುವ ಪದ್ಧತಿ ಕನ್ನಡಕ್ಕೆ ಹೊಸದಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಚಿತ್ರಗಳು' 1930ರಲ್ಲಿ ಬಂದಿತು, ಎ. ಎನ್. ಮೂರ್ತಿರಾಯರ 'ಹಗಲುಗನಸುಗಳು' 1937ರಲ್ಲಿ. ರಾ. ಶಿ. ಅವರ 'ಕೊರವಂಜಿ' 1942ರಿಂದ 1967ರವರೆಗೆ, ಇಪ್ಪತ್ತೈದು ವರ್ಷ, ಕನ್ನಡಿಗರನ್ನು ನಗಿಸಿತು. ಇವೆಲ್ಲ ಬಹುಮಟ್ಟಿಗೆ ದಕ್ಷಿಣದ ಕನ್ನಡ. ನಾನು 'ಹಳ್ಳಿಯ ಚಿತ್ರಗಳು' ಓದಿದ್ದು ಧಾರವಾಡದ ವಿದ್ಯಾರ್ಥಿನಿಲಯದಲ್ಲಿ. ಗೊರೂರರ ಹೇಮಾವತಿಯನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಓದುತ್ತಿದ್ದಂತೆ ನನ್ನ ಕಣ್ಣ ಮುಂದೆ ಹರಿದದ್ದು ನಮ್ಮ ಕೃಷ್ಣಾ ನದಿ; ಅವರ ಊರಿನ ಜನ ಮಾತಾಡಿದ್ದು ನನ್ನ ಕಿವಿಗೆ ನಮ್ಮ ಬನಹಟ್ಟಿಯ ಮಾತಿನಂತೆಯೇ ಕೇಳಿತು. ಲೇಖಕ ತನ್ನ ಊರನ್ನು ಬರೆಯುತ್ತಾನೆ, ಓದುಗ ಅದನ್ನು ಹೊರಗಿಟ್ಟು ತನ್ನ ಊರನ್ನು ಒಳಗೆ ಕೂಡ್ರಿಸಿಕೊಳ್ಳುತ್ತಾನೆ. ನಾನು ಓದುಗನಾಗಿದ್ದಾಗ ಇದು ನನಗೆ ಸಹಜವಾಗಿಯೇ ತೋರಿತ್ತು. ಲೇಖಕನಾದ ಮೇಲೆ, ನನ್ನ ಊರನ್ನು ಬೇರೆಯವರು ಹಾಗೆ ಹೊರಗಿಟ್ಟಾಗ, ಸ್ವಲ್ಪ ಮುನಿಸು ಬಂದದ್ದುಂಟು.

ಮೊದಲ ಅಭಿಪ್ರಾಯ ಬಂದದ್ದು ಪತ್ರದಲ್ಲಲ್ಲ, ಮುಖತಃ. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿದ್ದ ಊರು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು; 1956ರಲ್ಲಿ ಕನ್ನಡ ನಾಡು ಒಂದಾದಾಗ ಈಚೆಗೆ ಬಂದೆವು. ಆದರೆ ಹಳೆಯ ಮನೆಗಳ ಕಪಾಟಿನಲ್ಲಿ ಮರಾಠಿ ಪುಸ್ತಕಗಳು ಉಳಿದವು. ನನಗೆ ಪರಿಚಯದ ವೃದ್ಧ ವಕೀಲರೊಬ್ಬರು ಪುಸ್ತಕವನ್ನು ಎರಡೇ ದಿನದಲ್ಲಿ ಓದಿ, "ಛಲೋ ಬರದೀರಿ ಸರ್. ಆದ್ರ ನಮ್ಮ ಚಿಮಣರಾವನ ಮುಂದ ಏನೂ ಅಲ್ಲ" ಎಂದರು. ಚಿಮಣರಾವ್ ಎಂಬುವನು ಚಿ. ವಿ. ಜೋಶಿಯವರ ಸೃಷ್ಟಿ. ಬಡೋದೆಯಲ್ಲಿ ಪಾಳಿ ಭಾಷೆಯ ಪ್ರಾಧ್ಯಾಪಕರಾಗಿದ್ದ ಜೋಶಿಯವರು ಈ ಪೆದ್ದ ಗೃಹಸ್ಥನನ್ನೂ ಅವನ ಗುಂಡ್ಯಾಭಾವೂನನ್ನೂ ಮರಾಠಿಗರ ಮನೆಯವರನ್ನಾಗಿ ಮಾಡಿದರು. ಪು. ಲ. ದೇಶಪಾಂಡೆಯವರಂತೂ ನಮ್ಮ ಬೆಳಗಾವಿಯ ಕಾಲೇಜಿನಲ್ಲಿಯೇ ಕೆಲಕಾಲ ಪಾಠ ಹೇಳಿದವರು. ಅವರ 'ವ್ಯಕ್ತಿ ಆಣಿ ವಲ್ಲಿ'ಗೆ 1965ರಲ್ಲಿ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂದಿತು. ಇಂಥ ನೆರೆಯವರಿರುವಾಗ ಗಡಿನಾಡಿನ ಹರಟೆಗಾರನು ಹುಷಾರಾಗಿರಬೇಕು. ವಕೀಲರ ತೀರ್ಪನ್ನು ನಾನು ತಲೆಬಾಗಿ ಒಪ್ಪಿಕೊಂಡೆ. ಅವರು ನಕ್ಕಿದ್ದರು, ಎರಡು ಪುಟಗಳ ಅಂಚಿನಲ್ಲಿ ಪೆನ್ಸಿಲ್ ಗೆರೆ ಇತ್ತು.

ಬಾಲ್ಯದ ಗೆಳೆಯನೊಬ್ಬ ಮೂರು ತಿಂಗಳು ನನ್ನೊಡನೆ ಮಾತು ಬಿಟ್ಟ. ಅವನನ್ನು ಎಲ್ಲಿ ನೋಯಿಸಿದೆನೋ ಎಂದು ಹದಿನಾಲ್ಕೂ ಹರಟೆಗಳನ್ನು ಮತ್ತೆ ಓದಿ ನೋಡಿದೆ. ಎಲ್ಲಿಯೂ ಅವನಿರಲಿಲ್ಲ. ಸಿಟ್ಟಿನ ಕಾರಣವೂ ಅದೇ ಆಗಿತ್ತು. "ಹತ್ತ ವರ್ಷ ಕೂಡಿ ಸಾಲೀಗಿ ಹೋಗೇವಿ. ನಿನ್ನ ಪುಸ್ತಕದಾಗ ನಾಯಿ ಬಂದೈತಿ, ಕತ್ತಿ ಬಂದೈತಿ, ನಾ ಇಲ್ಲ" ಎಂದ.

ಪತ್ರಗಳಲ್ಲಿ ಬಹಳಷ್ಟು ತಿದ್ದುಪಡಿಯ ಪತ್ರಗಳು. ಹರಟೆಯನ್ನು ಓದುವವನು ಕಾದಂಬರಿಯ ಓದುಗನಂತಲ್ಲ. 'ಇದು ನಡೆದದ್ದು' ಎಂದು ಲೇಖಕನೇ ಹೇಳಿರುವುದರಿಂದ, ಹೇಗೆ ನಡೆಯಿತೆಂದು ವಿಚಾರಿಸುವ ಹಕ್ಕು ತನಗಿದೆಯೆಂದು ತಿಳಿಯುತ್ತಾನೆ. ಆ ಊರಿಗೆ ಬಸ್ಸು ಬೆಳಿಗ್ಗೆ ಇರಲಿಲ್ಲ, ಸಂಜೆಗೆ ಇತ್ತು, ಆ ಗಿಡ ಹುಣಸೆಯಲ್ಲ, ಬೇವು, ಹೀಗೆ. ಒಂದು ಹರಟೆಯಲ್ಲಿ ನಾನು ಹುಡುಗನಾಗಿದ್ದಾಗ ನೋಡಿದ ಶ್ರೀಕೃಷ್ಣ ಪಾರಿಜಾತದ ಆಟವನ್ನು ವರ್ಣಿಸಿ, ಅದು ನಡುರಾತ್ರಿಗೆ ಮುಗಿಯಿತೆಂದು ಬರೆದಿದ್ದೆ. ಲೋಕಾಪುರದ ಕಡೆಯ ಓದುಗರೊಬ್ಬರು ಇದಕ್ಕೆ ಅಂಚೆ ಕಾರ್ಡು ಹಾಕಿದರು. ನಮ್ಮ ಭಾಗದಲ್ಲಿ ಪಾರಿಜಾತ ಬೆಳಗಾಗುವವರೆಗೆ ನಡೆಯುತ್ತದೆ, ನಡುರಾತ್ರಿಗೆ ಮುಗಿದದ್ದು ಆಟವಲ್ಲ, ನಿಮ್ಮ ಎಚ್ಚರ, ಎಂಬುದು ಅದರ ಸಾರಾಂಶ. ಇದು ನನ್ನ ಇಡೀ ಹರಟೆಗಿಂತ ಒಳ್ಳೆಯ ವಿನೋದ. ಇಂಥ ಓದುಗರನ್ನು ಬೀಚಿಯವರು ಚೆನ್ನಾಗಿ ಬಲ್ಲರು. ಓದುಗರು ಕೇಳಿದ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರಗಳೇ 'ಉತ್ತರಭೂಪ' ಎಂಬ ಪುಸ್ತಕವಾಯಿತು. ಅವರೂ ಓದುಗರಾಗಿಯೇ ಕನ್ನಡಕ್ಕೆ ಬಂದವರಲ್ಲವೇ? ಕನ್ನಡವೆಂದರೆ ತಾತ್ಸಾರ ತಾಳಿದ್ದ ರಾಯಸಂ ಭೀಮಸೇನರಾಯರ ಕೈಗೆ ಅ. ನ. ಕೃಷ್ಣರಾಯರ 'ಸಂಧ್ಯಾರಾಗ' ಸಿಕ್ಕದಿದ್ದರೆ ಬೀಚಿಯೆಂಬ ಹೆಸರೇ ಇರುತ್ತಿರಲಿಲ್ಲ.

ಒಂದು ಪತ್ರ ಮಾತ್ರ ನನ್ನನ್ನು ತಬ್ಬಿಬ್ಬು ಮಾಡಿತು. ಬೀಳಗಿ ತಾಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಸೋದರಮಾವನ ಮನೆಯಿತ್ತು. ಮಳೆಗಾಲದಲ್ಲಿ ಅಲ್ಲಿಗೆ ಹೋಗುವ ದಾರಿಯ ರಾಡಿ, ಹೂತುಹೋದ ಎತ್ತಿನ ಬಂಡಿ, ರಾಡಿಯಲ್ಲಿ ಕಳೆದುಹೋದ ನನ್ನ ಒಂದು ಚಪ್ಪಲಿ, ಇವನ್ನು ಆರು ಪುಟ ವಿಸ್ತರಿಸಿ ಬರೆದಿದ್ದೆ. ಆ ಹಳ್ಳಿಯವರೇ ಆದ ಒಬ್ಬರು ಬಾಗಲಕೋಟೆಯ ನವನಗರದಿಂದ ಬರೆದರು. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಮುಳುಗಿ ಎರಡು ದಶಕವಾಯಿತು, ಮನೆಯ ಚಿತ್ರವೊಂದೂ ತಮ್ಮಲ್ಲಿಲ್ಲ, ತಮ್ಮ ಮಕ್ಕಳಿಗೆ ಊರನ್ನು ತೋರಿಸಬೇಕೆಂದರೆ ನೀರನ್ನು ತೋರಿಸಬೇಕು. ಆದ್ದರಿಂದ ನನ್ನ ರಾಡಿಯ ಹರಟೆಯನ್ನು ಮನೆಯವರೆಲ್ಲರಿಗೂ ಓದಿ ಹೇಳಿದರಂತೆ. ಆಮೇಲೆ ಒಂದು ಪ್ರಶ್ನೆ: ಬಂಡಿ ಹೂತುಹೋದ ಜಾಗದ ಎಡಕ್ಕೆ ಒಂದು ಬಾವಿಯಿತ್ತಲ್ಲ, ಅದನ್ನೇಕೆ ಬಿಟ್ಟಿರಿ? ಬಾವಿ ನನಗೆ ನೆನಪಿರಲಿಲ್ಲ. ನಗೆಗೆ ಬೇಕಾದಷ್ಟನ್ನು ಮಾತ್ರ ನಾನು ನೆನಪಿನಲ್ಲಿ ಇಟ್ಟುಕೊಂಡಿದ್ದೆ. ಹಾಗೆಂದು ಅವರಿಗೆ ಬರೆಯಲು ನಾಚಿಕೆಯಾಗಿ, ಸ್ಥಳಾಭಾವವೆಂದು ಬರೆದೆ.

ನಮ್ಮ ಮುಧೋಳದ ರನ್ನ ಈ ವಿಷಯದಲ್ಲಿ ಜಾಣ. 'ಅಜಿತಪುರಾಣ'ದಲ್ಲಿ ತನ್ನ ಊರನ್ನೂ ಬಳೆಗಾರರ ಮನೆತನವನ್ನೂ ತಂದೆ ಜಿನವಲ್ಲಭನನ್ನೂ ತಾಯಿ ಅಬ್ಬಲಬ್ಬೆಯನ್ನೂ ಹೆಸರಿಸಿ ಹೇಳಿಕೊಂಡ. ತನ್ನ ಕೃತಿಯನ್ನು ಪರೀಕ್ಷಿಸಹೊರಟ ಓದುಗನನ್ನು ಎದೆ ತಟ್ಟಿ ಕರೆದ. ಆದರೆ ಮನೆಯವರನ್ನು ನಗೆಗೆ ಬಳಸಿಕೊಳ್ಳಲಿಲ್ಲ. ನಗೆ ಬೇಕಾದಾಗ 'ಗದಾಯುದ್ಧ'ದಲ್ಲಿ ಭೀಮನ ಬಳಿ ಒಬ್ಬ ವಿದೂಷಕನನ್ನು ತಂದು ನಿಲ್ಲಿಸಿದ. ಅಬ್ಬಲಬ್ಬೆ ಮಗನ ಕಾವ್ಯವನ್ನು ಕೇಳಿ ಏನೆಂದಳೆಂಬುದನ್ನು ಅವನು ಬರೆದಿಲ್ಲ.

ನಾನು ನಂಬಿದ್ದುದು ಬೇರೆ ನಿಯಮ. ತನ್ನನ್ನು ತಾನು ನಗುವವನು ಯಾರನ್ನೂ ನೋಯಿಸಲಾರನೆಂದು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದವನು ನಾನು. ಬೀಚಿಯವರು ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟದ್ದನ್ನು ವಿವರಿಸುತ್ತ, ಸತ್ಯ ಹೇಳಬೇಕಾದವನ ಭಯವದು ಎಂದು ವಿದ್ಯಾರ್ಥಿಗಳಿಗೆ ಬರೆಯಿಸಿದ್ದೂ ಉಂಟು.

ಈಗ ಆ ವಾಕ್ಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಎರಡು ಕೈಮಗ್ಗಗಳು. ನೂಲು ಸಾವಕಾರರದು, ನೇಯ್ಗೆ ಅಪ್ಪನದು. ಲಡಿಯಿಂದ ನೂಲನ್ನು ಬಿಚ್ಚಿ ರಾಟಿಯ ಮೇಲೆ ಕಂಡಿಕೆ ಸುತ್ತುವುದು ನನಗಿಂತ ಆರು ವರ್ಷ ಹಿರಿಯಳಾದ ಅಕ್ಕನ ಕೆಲಸ. ಕಂಡಿಕೆ ಇಲ್ಲದಿದ್ದರೆ ಲಾಳಿ ಓಡುವುದಿಲ್ಲ, ಲಾಳಿ ಓಡದಿದ್ದರೆ ವಾರದ ಕೊನೆಗೆ ಮಜೂರಿ ಇಲ್ಲ. ಹತ್ತನೆಯ ತರಗತಿಯ ಪರೀಕ್ಷೆಯ ಕಾಲದಲ್ಲಿ ಒಂದೇ ಕಂದೀಲಿನ ಬೆಳಕಿನಲ್ಲಿ ಒಂದು ಕಡೆ ನನ್ನ ಪುಸ್ತಕ, ಇನ್ನೊಂದು ಕಡೆ ಅಕ್ಕನ ರಾಟಿ. ರಾಟಿಯ ಸಪ್ಪಳಕ್ಕೆ ನನಗೆ ತೂಕಡಿಕೆ ಬರುತ್ತಿತ್ತು. ಅಕ್ಕ ನನ್ನ ಅಂಗಿಯ ಗುಂಡಿಗೆ ಒಂದು ನೂಲಿನ ಎಳೆ ಕಟ್ಟಿ, ಅದರ ಇನ್ನೊಂದು ತುದಿಯನ್ನು ತನ್ನ ಮೊಣಕೈಗೆ ಸುತ್ತಿಕೊಳ್ಳುತ್ತಿದ್ದಳು. ನಾನು ವಾಲಿದೊಡನೆ ಎಳೆ ಜಗ್ಗುತ್ತಿತ್ತು, ಅವಳು ಒದರುತ್ತಿದ್ದಳು, ನಾನು ಕಣ್ಣುಮುಚ್ಚಿ ಬಾಯಿಪಾಠ ಮಾಡುತ್ತಿದ್ದೆನೆಂದು ಸುಳ್ಳು ಹೇಳುತ್ತಿದ್ದೆ. ಇದನ್ನೆಲ್ಲ ರಸವತ್ತಾಗಿ ಬರೆದು, ಅಕ್ಕ ನಾಲ್ಕನೆಯ ಇಯತ್ತೆಯಲ್ಲಿ ಮಾಸ್ತರರ ಛಡಿಗೆ ಹೆದರಿ ಶಾಲೆಗೆ ಶರಣು ಹೊಡೆದವಳು, ಆ ಸೇಡನ್ನು ಮಾಸ್ತರರ ಬದಲು ನನ್ನ ಮೇಲೆ ತೀರಿಸಿಕೊಂಡಳು ಎಂದು ಮುಗಿಸಿದ್ದೆ. ಹನ್ನೊಂದು ಮಂದಿ ಎತ್ತಿ ಬರೆದ ವಾಕ್ಯ ಇದು.

ಹನ್ನೆರಡನೆಯವರೂ ಅದನ್ನು ಎತ್ತಿದ್ದರು, ಆದರೆ ನಕ್ಕೆವೆಂದು ಬರೆದಿರಲಿಲ್ಲ. ಬನಹಟ್ಟಿಯ ಒಬ್ಬ ಹೆಣ್ಣುಮಗಳು. ತಾವೂ ಚಿಕ್ಕಂದಿನಿಂದ ಕಂಡಿಕೆ ಸುತ್ತಿದವರೆಂದು ತಿಳಿಸಿ, ಒಂದೇ ಸಾಲು ಕೇಳಿದ್ದರು: ನಿಮ್ಮ ಅಕ್ಕ ಇದನ್ನು ಓದಿದ್ದಾರೆಯೇ, ಏನೆಂದರು?

ಅಕ್ಕನಿಗೆ ಪುಸ್ತಕ ಕೊಟ್ಟು ಎಂಟು ತಿಂಗಳಾಗಿತ್ತು. ರಬಕವಿಯ ಅವಳ ಮನೆಯಲ್ಲಿ ಅದು ದೇವರ ಜಗಲಿಯ ಮೇಲೆ, ಅರಿಷಿಣ ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು. ಅಕ್ಷರ ಕೂಡಿಸಿ ಓದಬಲ್ಲಳು, ಆದರೆ ಸಣ್ಣ ಅಚ್ಚು ಅವಳ ಕಣ್ಣಿಗೆ ಹಿಡಿಯುವುದಿಲ್ಲ. ಪತ್ರ ಬಂದ ವಾರವೇ ಹೋಗಿ, ಎದುರಿಗೆ ಕುಳಿತು ಓದಿದೆ. ನಾನು ನಗೆ ಬರಲೆಂದು ಬರೆದ ಕಡೆ ಅವಳು ಸುಮ್ಮನಿದ್ದಳು. ನೂಲಿನ ಗುಣವನ್ನು ಕುರಿತು ಅಪ್ಪ ಸಾವಕಾರರಿಗೆ ಆಡಿದ ಒಂದು ಸಾದಾ ಮಾತಿಗೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಎಳೆ ಕಟ್ಟಿದ್ದು ಗುಂಡಿಗಲ್ಲ, ಕಾಲಿನ ಹೆಬ್ಬೆರಳಿಗೆ ಎಂದು ತಿದ್ದಿದಳು. ಕೊನೆಯ ವಾಕ್ಯಕ್ಕೆ ಬಂದಾಗ, "ಏನಂದಿ? ಇನ್ನೊಮ್ಮಿ ಓದು" ಎಂದಳು. ಓದಿದೆ.

"ಛಡಿಗಿ ಹೆದರಿ ಬಿಟ್ಟಿಲ್ಲ ತಮ್ಮಾ ನಾ. ಆ ಮಾಸ್ತರ ನನಗ ಒಮ್ಮಿನೂ ಹೊಡದಿಲ್ಲ. ಅವ್ವನ ಕಣ್ಣ ಮಂಜ ಆದುವು, ಕಂಡಿಕಿ ಸುತ್ತಾಕ ಯಾರೂ ಇರಲಿಲ್ಲ. ಅವರು ಎರಡ ಸಲ ಮನೀಗಿ ಬಂದಿದ್ರು, ಹುಡುಗೀನ ಕಳಸ್ರಿ, ಛಲೋ ಓದತಾಳ ಅಂತ."

ನಾನು ಆಗ ನಾಲ್ಕು ವರ್ಷದವನು. ಛಡಿಯ ಕಥೆಯನ್ನು ನನಗೆ ಹೇಳಿದವರು ಮನೆಯವರೇ. ನಾನು ಶಾಲೆ ತಪ್ಪಿಸಬಾರದೆಂದು ಹೆದರಿಸಲು ಹೇಳಿದ್ದಿರಬೇಕು. ಆ ಮೇಲಿನ ಐವತ್ತೆಂಟು ವರ್ಷಗಳಲ್ಲಿ ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ನನ್ನ ಶುಲ್ಕ, ನನ್ನ ಧಾರವಾಡ, ನನ್ನ ಎಂ.ಎ., ಎಲ್ಲವೂ ಆ ಕಂಡಿಕೆಗಳಿಂದ ಬಂದವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ವಾಕ್ಯ ಚೆನ್ನಾಗಿ ಕೂಡಿಬಂದಿತೆಂದು ಬರೆದೆ. ನಗೆಗೀಡಾದವನು ನಾನೊಬ್ಬನೇ ಎಂದುಕೊಂಡಿದ್ದ ಹರಟೆಯಲ್ಲಿ, ತೀರಿಹೋದ ಒಬ್ಬ ಸಜ್ಜನ ಮಾಸ್ತರರ ಕೈಗೂ ಛಡಿ ಕೊಟ್ಟಿದ್ದೆ. ತಪ್ಪಾಯಿತೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು, "ಇರಲಿ ಬಿಡು, ಓದಿದ ಮಂದಿ ನಗ್ತಾರ" ಎಂದು ಚಹಾ ಕಾಸಲು ಒಳಗೆ ಹೋದಳು.

ಬನಹಟ್ಟಿಯ ಆ ಹೆಣ್ಣುಮಗಳಿಗೆ ಉತ್ತರ ಬರೆಯಲು ನನಗೆ ಒಂದು ತಿಂಗಳು ಹಿಡಿಯಿತು. ಅಕ್ಕ ಹೇಳಿದ್ದನ್ನು ಹೇಳಿದಂತೆಯೇ ಬರೆದು ಕಳಿಸಿದೆ. ಬಾವಿಯನ್ನು ಕೇಳಿದವರಿಗೂ ಇನ್ನೊಂದು ಪತ್ರ ಬರೆದು, ಬಾವಿ ನನಗೆ ನೆನಪಿಲ್ಲ, ನೀವು ಹೇಳಿದರೆ ಬರೆದುಕೊಳ್ಳುತ್ತೇನೆ ಎಂದೆ. ಅವರು ನಾಲ್ಕು ಪುಟ ಕಳಿಸಿದ್ದಾರೆ, ನಕ್ಷೆ ಸಹಿತ.

ಪ್ರಕಾಶಕರು ಎರಡನೆಯ ಮುದ್ರಣಕ್ಕೆ ಒಪ್ಪಿದ್ದಾರೆ. ಆ ವಾಕ್ಯವನ್ನು ಮಾತ್ರ ಹಾಗೆಯೇ ಬಿಡಿ, ಓದುಗರಿಗೆ ಮೆಚ್ಚಿಗೆಯಾದದ್ದು ಎಂದು ಅವರ ಸಲಹೆ. ಅದನ್ನು ಹೊಡೆದುಹಾಕಿ ಅಕ್ಕನ ಮಾತನ್ನು ಸೇರಿಸಿ ನೋಡಿದೆ. ಹರಟೆ ಅಲ್ಲಿಯೇ ನಿಂತುಬಿಡುತ್ತದೆ, ಹಿಂದಿನ ನಗೆಯೂ ಉಳಿಯುವುದಿಲ್ಲ. ಏನು ಮಾಡಲೆಂದು ಅವಳನ್ನೇ ಕೇಳಿದೆ. "ನನ್ನದೇನೂ ಹಾಕಬ್ಯಾಡ. ಮಾಸ್ತರ ಎರಡ ಸಲ ಮನೀಗಿ ಬಂದಿದ್ರು ಅನ್ನೂದು ಹಾಕು" ಎಂದಳು. ಅದನ್ನು ಹಾಕಿದ್ದೇನೆ. ಎಳೆಯನ್ನೂ ಗುಂಡಿಯಿಂದ ಬಿಚ್ಚಿ ಹೆಬ್ಬೆರಳಿಗೆ ಕಟ್ಟಿದ್ದೇನೆ.