ನೀರಿಗೆ ಎಷ್ಟು ಹೊತ್ತು ಕೊಡೋಣ?



ಮಳೆಗಾಲ ಬಂತೆಂದರೆ ಘಟ್ಟದ ದಾರಿಯುದ್ದಕ್ಕೂ ಕ್ಯಾಮೆರಾ, ಮೊಬೈಲು ಹಿಡಿದವರ ಸಾಲು. ಜೋಗ, ಉಂಚಳ್ಳಿ, ಮಾಗೋಡು, ಅಬ್ಬಿ, ಯಾವ ಜಲಪಾತಕ್ಕೆ ಹೋದರೂ ಜನ ಕಟಾಂಜನಕ್ಕೆ ಒರಗಿಕೊಂಡು ಪಟಪಟ ಚಿತ್ರ ತೆಗೆಯುತ್ತಾರೆ. ಮನೆಗೆ ಬಂದು ನೋಡಿದರೆ ಒಂದರಲ್ಲೂ ಜೀವವಿಲ್ಲ. ಬಂಡೆಯ ಮೇಲೆ ಸುಣ್ಣ ಬಳಿದ ಹಾಗೊಂದು ಬಿಳಿ ಪಟ್ಟೆ, ಅಷ್ಟೇ. ಕ್ಯಾಮೆರಾ ಅಗ್ಗದ್ದೆಂದು ಅದನ್ನು ದೂರಬೇಕಾಗಿಲ್ಲ. ಹರಿಯುವ ನೀರಿನಲ್ಲಿ ಎಷ್ಟು ಹೊತ್ತಿನದನ್ನು ಚಿತ್ರದೊಳಗೆ ಬಿಟ್ಟುಕೊಳ್ಳಬೇಕು ಎನ್ನುವುದನ್ನು ನಾವು ತೀರ್ಮಾನಿಸಿರುವುದಿಲ್ಲ. ಯಂತ್ರ ತನಗೆ ತೋಚಿದಂತೆ ತೀರ್ಮಾನಿಸಿಬಿಟ್ಟಿರುತ್ತದೆ.

ಆ ಹೊತ್ತನ್ನು ಅಳೆಯುವುದೇ ಷಟರ್. ಒಂದು ಸಣ್ಣ ಲೆಕ್ಕ ನೋಡೋಣ. ಮೇಲಿಂದ ಬಿದ್ದ ನೀರು ಮೊದಲ ಒಂದು ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಇಳಿಯುತ್ತದೆ. ಆ ಹೊತ್ತಿಗೆ ಅದರ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 10 ಮೀಟರ್. ಷಟರ್ ಸೆಕೆಂಡಿನ ಸಾವಿರದ ಒಂದು ಭಾಗ ಮಾತ್ರ ತೆರೆದಿದ್ದರೆ ಅಷ್ಟರಲ್ಲಿ ನೀರು ಜಾರುವುದು ಒಂದೇ ಸೆಂಟಿಮೀಟರ್. ಹನಿ ಹನಿಯಾಗಿ, ಗಾಜಿನ ಚೂರಿನ ಹಾಗೆ ಸಿಡಿದದ್ದು ಕಾಣುತ್ತದೆ. ಮೂವತ್ತರ ಒಂದು ಭಾಗ ತೆರೆದಿದ್ದರೆ ಒಂದಡಿಯಷ್ಟು ಜಾರಿ ಗೆರೆ ಎಳೆದಂತಾಗುತ್ತದೆ. ಅರ್ಧ ಸೆಕೆಂಡು ತೆರೆದರೆ ಗೆರೆಗಳೆಲ್ಲ ಒಂದರೊಳಗೊಂದು ಬೆರೆತು ನಯವಾದ ಬಿಳುಪು ಉಳಿಯುತ್ತದೆ.

ಈ ನಯವಾದ ಬಿಳುಪನ್ನು ಕಂಡು ‘ಇದು ಸುಳ್ಳು ಚಿತ್ರ’ ಎನ್ನುವವರಿದ್ದಾರೆ. ಹಾಗಾದರೆ ಗಾಳಿಯಲ್ಲಿ ನಿಂತುಬಿಟ್ಟ ಹನಿಯನ್ನು ಯಾರ ಕಣ್ಣು ಕಂಡಿದೆ? ಎರಡೂ ನಮ್ಮ ಕಣ್ಣಿಗೆ ನಿಲುಕದ ನೋಟಗಳೇ. 19ನೇ ಶತಮಾನದಲ್ಲಿ ಗಾಜಿನ ತಟ್ಟೆಗೆ ರಾಸಾಯನಿಕ ಬಳಿದು ಚಿತ್ರ ತೆಗೆಯುತ್ತಿದ್ದವರಿಗೆ ಈ ಆಯ್ಕೆಯೇ ಇರಲಿಲ್ಲ. ಬೆಳಕನ್ನು ಹಿಡಿಯಲು ತಟ್ಟೆಗೆ ಹಲವು ಸೆಕೆಂಡುಗಳೇ ಬೇಕಿದ್ದುದರಿಂದ ಅವರ ಚಿತ್ರಗಳಲ್ಲಿ ಜಲಪಾತವೆಲ್ಲ ಮಂಜಿನಂತಾಗುತ್ತಿತ್ತು. ನಮಗೆ ಆಯ್ಕೆಯಿದೆ. ಆ ಆಯ್ಕೆಯನ್ನು ನೀರಿನ ಸ್ವಭಾವ ನೋಡಿ ಮಾಡಬೇಕು.

ಇದಕ್ಕೆ ಜೋಗಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಶರಾವತಿ ಅಲ್ಲಿ 253 ಮೀಟರ್, ಅಂದರೆ 830 ಅಡಿ ಆಳಕ್ಕೆ ನಾಲ್ಕು ಕವಲಾಗಿ ಇಳಿಯುತ್ತಾಳೆ. ರಾಜ ಬಂಡೆಗೆ ಸೋಕದೆ ಒಂದೇ ಕಂಬವಾಗಿ ನೇರ ಬೀಳುತ್ತಾನೆ. ರೋರರ್ ಬಂಡೆಗಳ ನಡುವೆ ಗುದ್ದಾಡಿಕೊಂಡು ಭೋರ್ಗರೆಯುತ್ತದೆ. ರಾಕೆಟ್ ಚಿಮ್ಮಿ ಚಿಮ್ಮಿ ಬಾಣಗಳಾಗಿ ಹಾರುತ್ತದೆ. ರಾಣಿ ಬಂಡೆಯ ಮೈಗೆ ಅಂಟಿಕೊಂಡೇ ಮೆಲ್ಲಗೆ ಇಳಿಯುತ್ತಾಳೆ. ನಾಲ್ಕಕ್ಕೂ ಒಂದೇ ಷಟರ್ ವೇಗ ಹೇಗೆ ಸರಿಹೋದೀತು? ರಾಕೆಟ್ಟನ್ನು ಅರ್ಧ ಸೆಕೆಂಡು ತೆಗೆದರೆ ಅದರ ಬಾಣಗಳೆಲ್ಲ ಕರಗಿ ಹೋಗುತ್ತವೆ. ಅದಕ್ಕೆ ಐನೂರರ ಒಂದು ಭಾಗವೋ ಸಾವಿರದ ಒಂದು ಭಾಗವೋ ಬೇಕು. ರಾಣಿಯನ್ನು ಅದೇ ವೇಗದಲ್ಲಿ ತೆಗೆದರೆ ಚೂರುಚೂರು ನೊರೆ ಕಾಣುತ್ತದೆಯೇ ಹೊರತು ಅವಳ ನಡಿಗೆ ಕಾಣುವುದಿಲ್ಲ. ಅವಳಿಗೆ ನಿಧಾನದ ಷಟರೇ ಸರಿ.

ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾಲಬುಡದ ತೊರೆಯನ್ನು ನಯವಾಗಿಸಲು ಕಾಲು ಸೆಕೆಂಡು ಸಾಕು. ಕಣಿವೆಯಾಚೆಯ ಜೋಗ ಚಿತ್ರದಲ್ಲಿ ಗೇಣುದ್ದ ಕಾಣುವುದರಿಂದ ಅಲ್ಲಿ ನೀರು ಸರಿದದ್ದೂ ಕೂದಲೆಳೆಯಷ್ಟೇ ಕಾಣುತ್ತದೆ. ಅಂಥಲ್ಲಿ ಒಂದೆರಡು ಸೆಕೆಂಡು ಬೇಕಾದೀತು.

ಇನ್ನು ಬಂಡೆಗಳ ನಡುವೆ ನುಗ್ಗುವ ಹೊಳೆ. ದಾಂಡೇಲಿಯ ಹತ್ತಿರ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ನದಿಯನ್ನು ಸುಮ್ಮನೆ ನಿಂತು ನೋಡಿ. ಮುಳುಗಿದ ಬಂಡೆಯ ಕೆಳಮಗ್ಗುಲಲ್ಲಿ ಒಂದು ಅಲೆ ಎದ್ದು ನಿಂತಿರುತ್ತದೆ. ಎಷ್ಟು ಹೊತ್ತು ನೋಡಿದರೂ ಅದು ಅಲ್ಲೇ. ಕಡಲಿನಲ್ಲಿ ಅಲೆ ಸಾಗುತ್ತದೆ, ನೀರು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹೊಳೆಯಲ್ಲಿ ನೀರು ಓಡುತ್ತದೆ, ಅಲೆ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಷಟರನ್ನು ಸೆಕೆಂಡಿನ ಎಂಟರ ಒಂದು ಭಾಗದಿಂದ ಅರ್ಧದವರೆಗೆ ತೆರೆದಿಟ್ಟರೂ ಅಲೆಯ ಆಕಾರ ಕೆಡುವುದಿಲ್ಲ. ಅದರ ಮೈಮೇಲೆ ನೀರು ಓಡಿದ ಜಾಡು ಗೆರೆಗೆರೆಯಾಗಿ ಮೂಡುತ್ತದೆ. ಅದಕ್ಕಿಂತ ಹೆಚ್ಚು ಬಿಟ್ಟರೆ ಗೆರೆಯೂ ಅಳಿಸಿ ಹೊಳೆಯ ಸೊಕ್ಕೇ ಅಡಗಿಹೋಗುತ್ತದೆ. ಅದೇ ಹೊಳೆಯಲ್ಲಿ ರಾಫ್ಟ್ ಹಾರಿ ಬರುವಾಗ ಮಾತ್ರ ಸಾವಿರದ ಒಂದು ಭಾಗಕ್ಕೆ ಏರಲೇಬೇಕು. ಹುಟ್ಟಿನಿಂದ ಎದ್ದ ನೀರೂ ಹುಟ್ಟು ಹಾಕುವವರ ಮುಖಭಾವವೂ ಆಗ ಸಿಗುತ್ತವೆ.

ನಿಧಾನದ ಚಿತ್ರಕ್ಕೆ ಟ್ರೈಪಾಡ್ ಬೇಕೇ ಬೇಕು. ಗುಂಡಿ ಒತ್ತುವಾಗಿನ ಅಲುಗಾಟ ತಪ್ಪಿಸಲು ಎರಡು ಸೆಕೆಂಡಿನ ಟೈಮರ್ ಇಟ್ಟುಕೊಳ್ಳಿ. ಬೆಳಕೂ ಕಡಿಮೆಯಿರಬೇಕು. ಸುಡುಬಿಸಿಲಿನಲ್ಲಿ ಕ್ಯಾಮೆರಾದ ಸಂವೇದನೆ ಐಎಸ್‌ಒ 100, ಬೆಳಕು ಬರುವ ಕಂಡಿ, ಅಂದರೆ ಅಪರ್ಚರ್ 16 ಇಟ್ಟರೂ ಷಟರ್ ನೂರರ ಒಂದು ಭಾಗಕ್ಕಿಂತ ಕೆಳಗಿಳಿಯಲು ಒಪ್ಪುವುದಿಲ್ಲ. ಬೆಳಕನ್ನು ಅರವತ್ತನಾಲ್ಕರ ಒಂದು ಪಾಲಿಗೆ ಇಳಿಸುವ ಎನ್‌ಡಿ ಫಿಲ್ಟರ್ ಹಾಕಿದರೆ ಅರ್ಧ ಸೆಕೆಂಡಿಗೂ ತುಸು ಹೆಚ್ಚು ಸಿಗುತ್ತದೆ. ಮೋಡ ಮುಚ್ಚಿದ ಬೆಳಗಾದರೆ ಫಿಲ್ಟರಿನ ಹಂಗು ಅಷ್ಟಿಲ್ಲ. ಹಸಿರೂ ಮೆದುವಾಗಿ ಬರುತ್ತದೆ. ಈಗ ಬಹಳಷ್ಟು ಮೊಬೈಲುಗಳ ‘ಪ್ರೊ’ ಮೋಡ್‌ನಲ್ಲೂ ಷಟರನ್ನು ನಾವೇ ಹೊಂದಿಸಬಹುದು.

ಬಿಳಿ ನೀರು ಕ್ಯಾಮೆರಾದ ಬೆಳಕು ಅಳೆಯುವ ಮೀಟರಿಗೆ ಮೋಸ ಮಾಡುತ್ತದೆ. ಚಿತ್ರದ ತುಂಬ ನೊರೆಯೇ ಇದ್ದರೆ ಕ್ಯಾಮೆರಾ ಅದನ್ನು ಬೂದಿ ಬಣ್ಣಕ್ಕೆ ತರುತ್ತದೆ. ಆಗ ಬೆಳಕು ಹೆಚ್ಚಿಸಿ. ಒದ್ದೆ ಕರಿಬಂಡೆಗಳ ನಡುವೆ ಸಣ್ಣದೊಂದು ಧಾರೆಯಿದ್ದರೆ ಕ್ಯಾಮೆರಾ ಬಂಡೆಯನ್ನು ಬೆಳಗಲು ಹೋಗಿ ನೀರನ್ನು ಸುಟ್ಟುಬಿಡುತ್ತದೆ. ಆಗ ತಗ್ಗಿಸಿ. ಹೀಗೆ ಸುಟ್ಟ ಬಿಳುಪನ್ನು ಆಮೇಲೆ ಯಾವ ತಂತ್ರಾಂಶವೂ ಮರಳಿ ತರಲಾರದು.

ಪೋಲರೈಸರ್ ಎಂಬ ಇನ್ನೊಂದು ಫಿಲ್ಟರ್ ಒದ್ದೆ ಎಲೆ, ಬಂಡೆಗಳ ಹೊಳಪನ್ನು ಕಳೆದು ಅವುಗಳ ನಿಜವಾದ ಬಣ್ಣ ತೋರಿಸುತ್ತದೆ. ಆದರೆ ತುಂತುರಿನಲ್ಲಿ ಕಾಮನಬಿಲ್ಲು ಮೂಡಿದ್ದರೆ ಫಿಲ್ಟರನ್ನು ತಿರುಗಿಸುವಾಗ ಜೋಕೆ. ಬಿಲ್ಲಿನ ಬೆಳಕೂ ಧ್ರುವೀಕೃತವಾದದ್ದು. ಒಂದು ಕೋನದಲ್ಲಿ ಫಿಲ್ಟರ್ ಬಿಲ್ಲನ್ನು ಎದ್ದು ಕಾಣಿಸಿದರೆ, ಕಾಲು ಸುತ್ತು ತಿರುಗಿಸಿದಾಗ ಮಂಗಮಾಯ ಮಾಡುತ್ತದೆ. ಬಿಲ್ಲು ಬೇಕೆನ್ನುವವರು ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಬೇಕು.

ಯಾವ ತಿಂಗಳಲ್ಲಿ ಹೋಗಬೇಕು? ಜುಲೈ, ಆಗಸ್ಟಿನಲ್ಲಿ ನೀರು ತುಂಬಿರುತ್ತದೆ, ಆದರೆ ಕೆಂಪಾಗಿರುತ್ತದೆ. ಮಂಜು ಕವಿದು ಗಂಟೆಗಟ್ಟಲೆ ಏನೂ ಕಾಣದಿರುವುದೂ ಉಂಟು. ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ಹೊತ್ತಿಗೆ ಹೊಳೆ ತಿಳಿಯಾಗುತ್ತದೆ. ಜೋಗದ ಮಾತೇ ಬೇರೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಮೇಲ್ಗಡೆಯೇ ನೀರನ್ನು ತಡೆದಿಟ್ಟುಕೊಳ್ಳುವುದರಿಂದ, ಅಲ್ಲಿನ ವೈಭವ ಮಳೆಯಷ್ಟೇ ಗೇಟುಗಳನ್ನೂ ಅವಲಂಬಿಸಿದೆ.

ಕೊನೆಗೊಂದು ಮಾತು. ತುಂತುರು ಬೀಳುವಲ್ಲಿ ಬಂಡೆಯ ಮೇಲೆ ಪಾಚಿ ಕಟ್ಟಿಯೇ ಇರುತ್ತದೆ. ಮೇಲೆಲ್ಲೋ ಮಳೆಯಾದರೆ, ಅಣೆಕಟ್ಟೆಯ ಗೇಟು ಎತ್ತಿದರೆ, ಬಿಸಿಲಿರುವಲ್ಲೂ ಹೊಳೆ ನೋಡನೋಡುತ್ತಿದ್ದಂತೆ ಏರುತ್ತದೆ. ನೀರಿನ ಬಣ್ಣ ಕದಡಿತೋ, ಕಸಕಡ್ಡಿ ತೇಲಿಬಂತೋ, ಟ್ರೈಪಾಡ್ ಮಡಚಲೂ ಕಾಯದೆ ದಡ ಹತ್ತಿ. ಬೇಲಿ ಹಾಕಿದ ಕಡೆ ಬೇಲಿಯ ಈಚೆಯೇ ನಿಲ್ಲಿ. ಹತ್ತಿರದ ನೋಟ ಬೇಕಿದ್ದರೆ ಕಾಲು ಮುಂದಿಡಬೇಕಾಗಿಲ್ಲ, ಜೂಮ್ ಇರುವುದೇ ಅದಕ್ಕೆ.