ಐದು ಹೊಡೆತದ ಮುನ್ನಡೆ, ಭಾನುವಾರ ಸೊನ್ನೆ



ಗಾಲ್ಫ್ ಎಂದ ಕೂಡಲೇ ನಿಮ್ಮಲ್ಲಿ ಕೆಲವರು ರೇಡಿಯೋದ ಕಿವಿ ತಿರುಗಿಸಲು ಹೊರಟಿರಬಹುದು. ಸ್ವಲ್ಪ ತಾಳಿ. ಕಥೆ ಗಾಲ್ಫಿನದಾದರೂ ಅದರೊಳಗಿನ ಪ್ರಶ್ನೆ ನಮ್ಮೆಲ್ಲರದು. ಕಷ್ಟಪಟ್ಟು ಗಳಿಸಿದ ಮುನ್ನಡೆಯನ್ನು ಒಂದು ಬೆಳಿಗ್ಗೆ ಅಳಿಸಿಹಾಕಿದರೆ ಅದು ನ್ಯಾಯವೇ?

ವೃತ್ತಿಪರ ಗಾಲ್ಫ್ ಟೂರ್ನಿ ಸಾಮಾನ್ಯವಾಗಿ ಗುರುವಾರದಿಂದ ಭಾನುವಾರದವರೆಗೆ ನಡೆಯುತ್ತದೆ. ದಿನಕ್ಕೆ 18 ಕುಳಿಗಳಂತೆ ಒಟ್ಟು 72 ಕುಳಿಗಳು. ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನೇ ವಿಜೇತ. ಗುರುವಾರ ಉಳಿಸಿದ ಒಂದು ಹೊಡೆತ ಭಾನುವಾರ ಸಂಜೆಯೂ ಲೆಕ್ಕಕ್ಕೆ ಬರುತ್ತದೆ, ಬ್ಯಾಂಕಿನಲ್ಲಿಟ್ಟ ಹಣದ ಹಾಗೆ.

2017ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಲೇಕ್ ಕ್ಯಾರಿನ್ಯಪ್ ಕ್ಲಬ್ಬಿನಲ್ಲಿ ಈ ಪದ್ಧತಿಯನ್ನೇ ಬದಲಿಸಿದರು. ಟೂರ್ನಿಯ ಹೆಸರು ವರ್ಲ್ಡ್ ಸೂಪರ್ 6 ಪರ್ತ್. ಯುರೋಪ್, ಏಷ್ಯಾ ಮತ್ತು ಆಸ್ಟ್ರೇಲೇಷ್ಯಾದ ಮೂರು ಟೂರ್‌ಗಳೂ ಇದಕ್ಕೆ ಕೈಜೋಡಿಸಿದ್ದವು. ಕ್ರಿಕೆಟ್ಟಿಗೆ ಟಿ-20 ಬಂದಂತೆ ಗಾಲ್ಫಿಗೂ ಒಂದಿಷ್ಟು ಚುರುಕು ಬರಲಿ ಎಂಬುದು ಆಸೆ.

ನಿಯಮ ಹೀಗಿತ್ತು. ಮೊದಲ ಮೂರು ದಿನ ಎಂದಿನಂತೆ 54 ಕುಳಿಗಳ ಆಟ. ಕೊನೆಗೆ ಉಳಿಯುವವರು 24 ಮಂದಿ. ಭಾನುವಾರ ಅವರೆಲ್ಲರ ಲೆಕ್ಕ ಮತ್ತೆ ಸೊನ್ನೆಯಿಂದ! ಇಬ್ಬಿಬ್ಬರು ಎದುರುಬದುರಾಗಿ ಬರೀ ಆರು ಕುಳಿಗಳ ಪಂದ್ಯ ಆಡಬೇಕು. ಹೆಚ್ಚು ಕುಳಿ ಗೆದ್ದವನು ಮುಂದಕ್ಕೆ, ಸೋತವನು ಮನೆಗೆ. ಸಮವಾದರೆ ಸುಮಾರು 90 ಮೀಟರಿನ ವಿಶೇಷ ಕುಳಿಯೊಂದಿತ್ತು. ಹೆಚ್ಚುಕಡಿಮೆ ಒಂದು ಫುಟ್‌ಬಾಲ್ ಮೈದಾನದಷ್ಟು ದೂರ ಅಷ್ಟೆ. ಅಲ್ಲಿ ಕೈ ನಡುಗಿದರೆ ಮೂರು ದಿನದ ಶ್ರಮ ನೀರುಪಾಲು.

ಮೊದಲ ಎಂಟು ಸ್ಥಾನದವರಿಗೆ ಒಂದು ರಿಯಾಯಿತಿ ಇತ್ತು: ಮೊದಲ ಸುತ್ತು ಆಡದೆಯೇ ಎರಡನೆಯದಕ್ಕೆ ಪ್ರವೇಶ. ಅವರು ನಾಲ್ಕು ಪಂದ್ಯ ಗೆದ್ದರೆ ಪ್ರಶಸ್ತಿ, ಉಳಿದವರು ಐದು ಗೆಲ್ಲಬೇಕು. ಆದರೆ ಗಮನಿಸಿ, ಮೊದಲನೆಯವನಿಗೂ ಎಂಟನೆಯವನಿಗೂ ಸಿಗುವುದು ಒಂದೇ ರಿಯಾಯಿತಿ.

ಆ ಮೊದಲ ವರ್ಷವೇ ನಿಯಮಕ್ಕೆ ಪರೀಕ್ಷೆ ಬಂತು. ಪರ್ತ್‌ನವರೇ ಆದ ಬ್ರೆಟ್ ರಮ್‌ಫರ್ಡ್ ಶನಿವಾರ ಸಂಜೆಗೆ ಐದು ಹೊಡೆತಗಳಷ್ಟು ಮುಂದಿದ್ದರು. ಬೇರೆ ಟೂರ್ನಿಯಾಗಿದ್ದರೆ ನೆಮ್ಮದಿಯ ನಿದ್ದೆ ಮಾಡಬಹುದಿತ್ತು. ಇಲ್ಲಿ ಬೆಳಗಾಗುವಷ್ಟರಲ್ಲಿ ಆ ಐದೂ ಮಾಯ. ಫೈನಲ್‌ನಲ್ಲಿ ಎದುರಾದದ್ದು ಥಾಯ್ಲೆಂಡಿನ 17 ವರ್ಷದ ಹುಡುಗ ಫಚಾರಾ ಖೋಂಗ್ವತ್ಮಾಯ್. ಐದು ಕುಳಿ ಮುಗಿದಾಗ ರಮ್‌ಫರ್ಡ್ ಎರಡು ಕುಳಿ ಮುಂದಿದ್ದರು, ಉಳಿದದ್ದು ಒಂದೇ. ಅಲ್ಲಿಗೆ ಪ್ರಶಸ್ತಿ ಅವರದಾಯಿತು.

ಅವರು ಗೆದ್ದರು, ಆದ್ದರಿಂದ ನಿಯಮ ಸರಿ ಎನ್ನೋಣವೇ? ನನಗೆ ಹಾಗನ್ನಿಸುವುದಿಲ್ಲ. ಸೋತಿದ್ದರೆ ಆ ಐದು ಹೊಡೆತಗಳಿಗೆ ಯಾರು ಉತ್ತರ ಹೇಳಬೇಕಿತ್ತು? ಅಗ್ರಸ್ಥಾನಿಗೆ ಇನ್ನೊಂದಿಷ್ಟು ಹೆಚ್ಚಿನ ಅನುಕೂಲ ಕೊಡಬೇಕಿತ್ತು. ಆದರೆ ಒಂದು ಮಾತು ನಿಜ. ಈ ನಿಯಮ ಗುರುವಾರವೇ ಎಲ್ಲರಿಗೂ ಗೊತ್ತಿತ್ತು. ಆಟದ ನಡುವೆ ಬದಲಿಸಿದ್ದರೆ ಮೋಸ. ಮೊದಲೇ ಹೇಳಿದರೆ ಅದು ಸವಾಲು.

2018ರಲ್ಲಿ ಥಾಯ್ಲೆಂಡಿನ ಕಿರಾಡೆಕ್ ಅಫಿಬಾರ್ನ್‌ರತ್, 2019ರಲ್ಲಿ ನ್ಯೂಜಿಲೆಂಡಿನ ರಯಾನ್ ಫಾಕ್ಸ್ ಗೆದ್ದರು. ಫಾಕ್ಸ್ ಅವರ ತಂದೆ ಗ್ರಾಂಟ್ ಫಾಕ್ಸ್ 1987ರಲ್ಲಿ ರಗ್ಬಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು, ತಾಯಿಯ ತಂದೆ ಮರ್ವ್ ವಾಲೆಸ್ ಟೆಸ್ಟ್ ಕ್ರಿಕೆಟಿಗ. ಯುರೋಪಿಯನ್ ಟೂರ್‌ನಲ್ಲಿ ಅವರ ಮೊದಲ ಗೆಲುವು ಇದೇ ಪರ್ತ್‌ನಲ್ಲಿ. ಆ ಬಳಿಕ ಟೂರ್ನಿಯೇ ನಿಂತುಹೋಯಿತು. ಬಾಳಿದ್ದು ಮೂರೇ ವರ್ಷ.

ಕೇಳುಗರೇ, ಊರು ಬಿಟ್ಟು ಈ ಮಹಾನಗರಕ್ಕೆ ಬಂದ ನಮಗೆ ರಮ್‌ಫರ್ಡ್ ಅವರ ಆ ಭಾನುವಾರ ಹೊಸದಲ್ಲ. ಊರಿನಲ್ಲಿ ಗಳಿಸಿದ ರ್‍ಯಾಂಕು, ಮನೆತನದ ಹೆಸರು, ಯಾವುದೂ ಇಲ್ಲಿನ ಸಂದರ್ಶನದ ಕೋಣೆಗೆ ನಮ್ಮೊಂದಿಗೆ ಬರಲಿಲ್ಲ. ಲೆಕ್ಕ ಸೊನ್ನೆಯಿಂದಲೇ ಶುರುವಾಯಿತು. ಬಂದದ್ದು ಕಲಿತ ಕಸುಬು ಮಾತ್ರ. ಅಂಕ ಅಳಿಸಬಹುದು, ಕೈಯಲ್ಲಿರುವ ಕಸುಬನ್ನು ಅಳಿಸಲಾಗದು.

ನಿಮಗೇನನ್ನಿಸುತ್ತದೆ? ಇಂದು ಸಂಜೆ ಕಾಫಿಯ ಜೊತೆಗೆ ಮನೆಯವರೊಡನೆ ಚರ್ಚಿಸಿ ನೋಡಿ.