ಬೆಡ್‌ರೂಮ್ ಇಲ್ಲದ ಮನೆಯಲ್ಲಿ ಇಂಗ್ಲಿಷ್ ಕಲಿಯೋದು ಹೇಗೆ?

ಇವತ್ತಿನ ಸಂಚಿಕೆ ಮನೆ ಮತ್ತು ಮನೆಯೊಳಗಿನ ಸಾಮಾನುಗಳ ಬಗ್ಗೆ. ಅವುಗಳ ಇಂಗ್ಲಿಷ್ ಹೆಸರುಗಳನ್ನು ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಜನರಿಗೆ ಹೇಗೆ ಕಲಿಸೋದು ಅನ್ನೋದೇ ವಿಷಯ. "ಇದೇನು ಮಹಾ ವಿಷಯ, ಚೇರ್, ಟೇಬಲ್, ಡೋರ್, ವಿಂಡೋ, ಮುಗೀತಲ್ಲ" ಅಂತ ನಿಮಗೆ ಅನ್ನಿಸಬಹುದು. ಹದಿನೈದು ನಿಮಿಷ ಕೇಳಿ, ಆಮೇಲೆ ಹೇಳಿ.

ನಾನು ಓದಿದ್ದು ಬಿ.ಕಾಂ. ಇಂಗ್ಲಿಷ್ ಮೇಷ್ಟ್ರಲ್ಲ. ಭಾನುವಾರ ಸಂಜೆ ಗೆಳೆಯನೊಬ್ಬನ ಅಂಗಡಿಯ ಮೇಲಿನ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಸೇರ್ತೇವೆ, ಇಂಗ್ಲಿಷ್ ಮಾತಾಡೋದನ್ನು ಅಭ್ಯಾಸ ಮಾಡ್ತೇವೆ, ಅಷ್ಟೇ. ಬರುವವರಲ್ಲಿ ಬೆಂಗಳೂರಿನಲ್ಲಿ ಕೆಲಸ ಹುಡುಕುವ ಹುಡುಗರಿದ್ದಾರೆ, ಗಲ್ಫ್‌ಗೆ ಹೊರಟವರಿದ್ದಾರೆ, ಹೋಟೆಲಿನ ಹೌಸ್‌ಕೀಪಿಂಗ್ ಕೆಲಸಕ್ಕೆ ಇಂಟರ್‌ವ್ಯೂ ಕೊಡುವವರಿದ್ದಾರೆ, ಮಗುವಿನ ಹೋಮ್‌ವರ್ಕ್ ಅರ್ಥ ಆಗಬೇಕು ಅಂತ ಬರುವ ಅಮ್ಮಂದಿರೂ ಇದ್ದಾರೆ. ನಾನು ಹೇಳೋದೆಲ್ಲ ಈ ಕೋಣೆಯಲ್ಲಿ ಕಂಡದ್ದು.

ಮೊದಲು ಚಾರ್ಟಿನ ಕತೆ. ಅಂಗಡಿಯಲ್ಲಿ ಸಿಗುವ "ಮೈ ಹೌಸ್" ಚಾರ್ಟ್ ನೋಡಿ. ಇಟ್ಟಿಗೆಯ ಗೋಡೆ, ಮೇಲೊಂದು ಚಿಮ್ನಿ, ಒಳಗೆ ಲಿವಿಂಗ್ ರೂಮ್, ಫೈರ್‌ಪ್ಲೇಸ್, ಕಾರ್ಪೆಟ್, ಬೆಡ್‌ರೂಮ್, ಬಾತ್‌ಟಬ್. ಈ ಮನೆ ಮರವಂತೆಯಲ್ಲೂ ಇಲ್ಲ, ಕೋಟದಲ್ಲೂ ಇಲ್ಲ. ನಮ್ಮ ಗೋಡೆ ಇಟ್ಟಿಗೆಯದ್ದಲ್ಲ, ಮುರಕಲ್ಲಿನದ್ದು. ಇಂಗ್ಲಿಷಿನಲ್ಲಿ ಅದಕ್ಕೆ ಲ್ಯಾಟರೈಟ್ ಅಂತಾರೆ. ಆ ಹೆಸರಿಟ್ಟದ್ದು ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ. ಲ್ಯಾಟಿನ್ ಭಾಷೆಯಲ್ಲಿ "ಲೇಟರ್" ಅಂದ್ರೆ ಇಟ್ಟಿಗೆ. ಮಲಬಾರಿನಲ್ಲಿ ನೆಲದಿಂದಲೇ ಇಟ್ಟಿಗೆಯ ಹಾಗೆ ಕಡಿದು ತೆಗೆಯುವುದನ್ನು ನೋಡಿ ಆ ಹೆಸರು ಕೊಟ್ಟ. ನಮ್ಮ ಮನೆಯ ಗೋಡೆಗೆ ಇಷ್ಟು ಒಳ್ಳೆಯ ಇಂಗ್ಲಿಷ್ ಹೆಸರಿದೆ, ಅದು ಮಾತ್ರ ಚಾರ್ಟಿನಲ್ಲಿ ಇಲ್ಲ.

ಹೆಂಚು ಕೂಡ ಹಾಗೇ. "ಟೈಲ್ಸ್ ಅಂದ್ರೇನು" ಅಂತ ಕೇಳಿದರೆ ಎಲ್ಲರೂ ನೆಲ ತೋರಿಸ್ತಾರೆ. ತಲೆ ಮೇಲಿರುವ ಹೆಂಚೂ ಟೈಲ್ ಅಂತ ಹೇಳಿದರೆ ಅರ್ಧ ಜನಕ್ಕೆ ಆಶ್ಚರ್ಯ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು, ಮುಂದೆ "ಮ್ಯಾಂಗಲೋರ್ ಟೈಲ್ಸ್" ಅನ್ನೋ ಹೆಸರು ಹೊರದೇಶಗಳಿಗೂ ಹೋಯ್ತು. ನಮ್ಮ ಕುಂದಾಪುರದ ಹೊಳೆಬದಿಯಲ್ಲೂ ಹೆಂಚಿನ ಕಾರ್ಖಾನೆಗಳು ಎದ್ದವು. ಅದೇ ಹೆಂಚಿನ ಕೆಳಗೆ ಕೂತು ಓದುವ ಮಗು, ಟೈಲ್ ಅಂದ್ರೆ ಬಾತ್‌ರೂಮಿನ ನೆಲ ಅಂತ ಮಾತ್ರ ಕಲೀತದೆ.

ನಮ್ಮ ಕೋಣೆಯಲ್ಲಿ ಒಮ್ಮೆ "ಡಿಸ್ಕ್ರೈಬ್ ಯುವರ್ ಬೆಡ್‌ರೂಮ್" ಅಂತ ಒಂದು ಪ್ರಶ್ನೆ ಬಂತು, ಪುಸ್ತಕದಲ್ಲಿ ಇದ್ದದ್ದೇ. ಬೈಂದೂರು ಕಡೆಯಿಂದ ಬರುವ ಒಬ್ಬ ಹುಡುಗಿ, ಬಾಕಿ ದಿನ ಚೆನ್ನಾಗಿ ಮಾತಾಡುವವಳು, ಸುಮ್ಮನೆ ಕೂತಳು. ಶಬ್ದ ಗೊತ್ತಿಲ್ಲದೆ ಅಲ್ಲ. ಬೆಡ್ ಗೊತ್ತು, ಪಿಲ್ಲೋ ಗೊತ್ತು. ಅವಳ ಮನೆಯಲ್ಲಿ ಬೆಡ್‌ರೂಮ್ ಇಲ್ಲ. ಪಕ್ಕದವಳು ಪ್ರಶ್ನೆ ಬದಲಾಯಿಸಿ, "ವೇರ್ ಡು ಯು ಸ್ಲೀಪ್?" ಅಂತ ಕೇಳಿದಳು. ಆಗ ಬಂತು ಉತ್ತರ. ರಾತ್ರಿ ಚಾವಡಿಯಲ್ಲಿ ಚಾಪೆ ಹಾಸ್ತೇವೆ, ಬೆಳಿಗ್ಗೆ ಸುತ್ತಿ ಅಟ್ಟಕ್ಕೆ ಹಾಕ್ತೇವೆ, ಅಜ್ಜಿ ಬಾಗಿಲ ಹತ್ತಿರ ಮಲಗ್ತಾರೆ, ಯಾಕಂದ್ರೆ ಅಲ್ಲಿ ಗಾಳಿ ಬರ್ತದೆ. ಐದಾರು ವಾಕ್ಯ, ತಡೆಯಿಲ್ಲದೆ, ಇಂಗ್ಲಿಷಿನಲ್ಲೇ.

ಇದರಲ್ಲಿ ಸಣ್ಣ ವಿಷಯ ಏನೂ ಇಲ್ಲ ಮಾರಾಯ್ರೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. ಆರು ವರ್ಷದ ಮಗುವಿಗೆ ಮೊದಲು ಸಿಗುವ ಪಾಠಗಳಲ್ಲಿ ಮನೆಯೂ ಒಂದು. ಅಲ್ಲಿರೋದು ಬೇರೆ ಯಾರದೋ ಮನೆ ಆದರೆ, ಮಗುವಿಗೆ ತಿಳಿಯೋದು ಏನು? ನನ್ನ ಮನೆಗೆ ಇಂಗ್ಲಿಷಿನಲ್ಲಿ ಹೆಸರಿಲ್ಲ, ನನ್ನ ಮನೆಯ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಬಾರದು ಅಂತ. ಆ ಮೌನ ಮುಂದೆ ಇಂಟರ್‌ವ್ಯೂವರೆಗೂ ಹೋಗ್ತದೆ.

ಹಾಗಾಗಿ ನಾವು ಮೂರು ಮನೆ ಅಂತ ಮಾಡಿಕೊಂಡಿದ್ದೇವೆ. ಒಂದನೇ ಮನೆ ನಮ್ಮದು. ಎರಡನೇದು ಬೆಂಗಳೂರಿನ ಬಾಡಿಗೆ ಮನೆ. ಮೂರನೇದು ಹೊರದೇಶದ ಮನೆ ಅಥವಾ ಹೋಟೆಲಿನ ಕೋಣೆ. ಇದೇ ಕ್ರಮದಲ್ಲಿ ಕಲಿಯಬೇಕು.

ಒಂದನೇ ಮನೆ. ಅಂಗಳ ಅಂದ್ರೆ ಕೋರ್ಟ್‌ಯಾರ್ಡ್ ಅಥವಾ ಫ್ರಂಟ್ ಯಾರ್ಡ್. ಜಗಲಿ ಅಂದ್ರೆ ವರಾಂಡಾ. ಅಟ್ಟ ಅಂದ್ರೆ ಆಟಿಕ್ ಅಥವಾ ಲಾಫ್ಟ್. ಉಪ್ಪರಿಗೆ ಅಪ್‌ಸ್ಟೇರ್ಸ್. ಕೊಟ್ಟಿಗೆ ಕೌಶೆಡ್. ಕಣಜ ಗ್ರೇನರಿ. ಮಣೆಗೆ ಒಂದೇ ಶಬ್ದ ಇಲ್ಲ, "ಲೋ ವುಡನ್ ಸೀಟ್" ಅಂತ ವಿವರಿಸಬೇಕು. ಚಾವಡಿಗೂ ಹಾಗೇ. ಶಬ್ದ ಇಲ್ಲದ ಕಡೆ ವಿವರಿಸೋದೇ ಒಳ್ಳೆಯ ಅಭ್ಯಾಸ. ಸಿಕ್ಕ ಶಬ್ದ ಮರೆತು ಹೋದಾಗಲೂ ಮಾತು ನಿಲ್ಲೋದಿಲ್ಲ.

ಇಲ್ಲೊಂದು ತಮಾಷೆ ಇದೆ. ಕನ್ನಡದಲ್ಲಿ ಮನೆಯೊಳಗೆ ಮತ್ತಷ್ಟು ಮನೆಗಳಿವೆ: ಅಡುಗೆಮನೆ, ದೇವರಮನೆ, ಬಚ್ಚಲುಮನೆ. ನಮಗೆ ಕೋಣೆಯೂ ಮನೆಯೇ. ಆದ್ದರಿಂದ ಹೊಸಬರು "ಕುಕಿಂಗ್ ಹೌಸ್", "ಗಾಡ್ ಹೌಸ್" ಅಂತಾರೆ. ನಗಬೇಡಿ. ಅವರು ತಪ್ಪು ಮಾಡ್ತಿರೋದು ತಿಳಿಯದೆ ಅಲ್ಲ, ಕನ್ನಡದ ತರ್ಕ ಸರಿಯಾಗಿ ಗೊತ್ತಿರೋದರಿಂದ. ಆ ತರ್ಕ ತೋರಿಸಿಕೊಟ್ಟರೆ ಒಂದೇ ದಿನದಲ್ಲಿ ಸರಿ ಆಗ್ತದೆ.

ಇನ್ನೊಂದು, "ಇಂಗ್ಲಿಷ್ ಪೂರ್ತಿ ಅನ್ಯ" ಅನ್ನೋ ಭಯ ಹೋಗಲಾಡಿಸೋದು. ನಮ್ಮ ಕಡೆ ಹಿರಿಯರು ಜನೇಲು ಅಂತಾರೆ, ಚಾವಿ ಅಂತಾರೆ, ಅಲಮಾರು ಅಂತಾರೆ. ಮೂರೂ ಪೋರ್ಚುಗೀಸಿನಿಂದ ಬಂದವು. ಬಸ್ರೂರು ದೊಡ್ಡ ಬಂದರು ಆಗಿದ್ದಾಗ ಅಕ್ಕಿ ಇಲ್ಲಿಂದ ಗೋವಾಕ್ಕೆ ಹೋಗ್ತಿತ್ತು, ಪೋರ್ಚುಗೀಸರು ಇಲ್ಲೇ ಓಡಾಡಿಕೊಂಡಿದ್ದರು. ಕುರ್ಚಿ ಅರಬಿಯಿಂದ ಬಂತು. ಇಂಗ್ಲಿಷಿನವರ ಸೋಫಾ ಕೂಡ ಅರಬಿ ಮೂಲದ್ದೇ. ತಿರುಗಿ ನೋಡಿದರೆ ವರಾಂಡಾ ಇಂಗ್ಲಿಷಿಗೆ ಹೋದದ್ದು ಭಾರತದಿಂದ. ಬಂಗಲೆ ಹೋದದ್ದು ಬಂಗಾಳದ ಮನೆಯ ಹೆಸರಿನಿಂದ. ಕಾಟ್ ಅಂದ್ರೆ ಹಿಂದಿಯ ಖಾಟ್. ಟೀಕ್ ಮರ ಮಲಯಾಳದ ತೇಕ್ಕು, ನಮ್ಮ ತೇಗದ ಅಣ್ಣತಮ್ಮ. ಟೀಕ್‌ವುಡ್ ಕಾಟ್ ಆನ್ ದಿ ವರಾಂಡಾ ಅಂತ ಹೇಳಿದರೆ ಅರ್ಧ ವಾಕ್ಯ ನಮ್ಮ ದೇಶದ್ದೇ.

ಶಬ್ದಕ್ಕಿಂತ ಕಷ್ಟ ಆಗೋದು ಸಣ್ಣ ಸಣ್ಣ ಪದಗಳು. "ಮೇಲೆ" ತಗೊಳ್ಳಿ. ಟೋಪಿ ತಲೆ ಮೇಲೆ ಇದೆ, ಫ್ಯಾನೂ ತಲೆ ಮೇಲೆ ಇದೆ. ಕನ್ನಡಕ್ಕೆ ಎರಡೂ ಒಂದೇ. ಇಂಗ್ಲಿಷಿನಲ್ಲಿ ಟೋಪಿ ಆನ್, ಫ್ಯಾನ್ ಅಬೋವ್. ತಾಗಿದ್ದರೆ ಆನ್, ತಾಗದಿದ್ದರೆ ಅಬೋವ್ ಅಂತ ನೆನಪಿಟ್ಟುಕೊಳ್ಳಿ. ಗಡಿಯಾರ "ಗೋಡೆಯಲ್ಲಿ" ಇದೆ ಅಂತ ನಾವು ಹೇಳ್ತೇವೆ, ಅದನ್ನೇ ತಂದು "ಇನ್ ದಿ ವಾಲ್" ಅಂದರೆ ಗಡಿಯಾರವನ್ನು ಗೋಡೆಯೊಳಗೆ ಹುಗಿದ ಹಾಗೆ ಆಗ್ತದೆ. ಅದೂ ಆನ್.

"ಹಾಕು" ಇನ್ನೂ ದೊಡ್ಡ ಕತೆ. ಬಾಗಿಲು ಹಾಕು, ಲೈಟ್ ಹಾಕು, ಬೀಗ ಹಾಕು, ಚಾಪೆ ಹಾಕು, ಪರದೆ ಹಾಕು. ನಮಗೆ ಒಂದೇ ಕ್ರಿಯಾಪದದಲ್ಲಿ ಇಡೀ ಮನೆ ನಡೀತದೆ. ಇಂಗ್ಲಿಷಿನಲ್ಲಿ ಬಾಗಿಲಿಗೆ ಕ್ಲೋಸ್, ಲೈಟಿಗೆ ಸ್ವಿಚ್ ಆನ್, ಬೀಗಕ್ಕೆ ಲಾಕ್, ಚಾಪೆಗೆ ಸ್ಪ್ರೆಡ್, ಪರದೆಗೆ ಡ್ರಾ. ಇದನ್ನು ಬರೆದು ಕಲಿಯೋದಕ್ಕಿಂತ ಮಾಡಿ ಕಲಿಯೋದು ಸುಲಭ. ಒಬ್ಬರು ಹೇಳೋದು, ಇನ್ನೊಬ್ಬರು ಎದ್ದು ಮಾಡೋದು. ಜೇಮ್ಸ್ ಆಷರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಇಂಥ ವಿಧಾನವನ್ನು 1960ರ ದಶಕದಲ್ಲಿ ರೂಪಿಸಿದರು. ಮೈ ಅಲುಗಾಡಿಸಿ ಕಲಿತದ್ದು ಬೇಗ ಮರೆಯೋದಿಲ್ಲ ಅನ್ನೋದು ಅದರ ಸಾರ. ಇದಕ್ಕೆ ಚಾರ್ಟ್ ಬೇಡ, ಖರ್ಚೂ ಇಲ್ಲ.

ಈಗ ಎರಡನೇ ಮನೆ. ಇಲ್ಲಿ ದುಡ್ಡಿನ ವಿಷಯ ಬರ್ತದೆ, ನನ್ನ ಬಿ.ಕಾಂ. ಬುದ್ಧಿ ಎಚ್ಚರ ಆಗ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿಗೆ, ಇಂಗ್ಲಿಷಿನಲ್ಲಿ. ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಾಯಿಸಬೇಕು, ಅದಕ್ಕೇ 11. ಕರಾರಿನ ಕೊನೆಯಲ್ಲಿ ಒಂದು ಪಟ್ಟಿ ಇರ್ತದೆ: ಫರ್ನಿಚರ್, ಫಿಟಿಂಗ್ಸ್ ಅಂಡ್ ಫಿಕ್ಸ್ಚರ್ಸ್. ನನ್ನ ಗೆಳೆಯನೊಬ್ಬ ಆ ಪಟ್ಟಿ ಓದದೆ ಸಹಿ ಹಾಕಿದ. ಅದರಲ್ಲಿ ಗೀಸರ್, ಚಿಮ್ನಿ, ಎರಡು ವಾರ್ಡ್‌ರೋಬ್ ಅಂತ ಬರೆದಿತ್ತು. ಮನೆಯಲ್ಲಿ ಚಿಮ್ನಿಯೇ ಇರಲಿಲ್ಲ. ಅಡುಗೆಮನೆಯ ಹೊಗೆ ಎಳೆಯುವ ಯಂತ್ರಕ್ಕೆ ಅಲ್ಲಿ ಹಾಗೆ ಹೇಳ್ತಾರೆ ಅಂತ ಅವನಿಗೆ ಗೊತ್ತಿರಲಿಲ್ಲ. ಮನೆ ಬಿಡುವಾಗ ಡೆಪಾಸಿಟ್‌ನಲ್ಲಿ ಅದರ ಬೆಲೆ ಹಿಡಿದುಕೊಂಡರು. ಸಹಿ ಇದೆಯಲ್ಲ, ಎಂತ ಮಾಡೂದ್?

ನೋಡಿ, ಒಂದೇ ಶಬ್ದ, ಮೂರು ಮನೆಯಲ್ಲಿ ಮೂರು ಅರ್ಥ. ನಮ್ಮ ಅಜ್ಜಿಗೆ ಚಿಮಣಿ ಅಂದ್ರೆ ಸೀಮೆಎಣ್ಣೆ ದೀಪ. ಚಾರ್ಟಿನ ಮಗುವಿಗೆ ಮಾಡಿನ ಮೇಲಿನ ಹೊಗೆಗೂಡು. ಬೆಂಗಳೂರಿನಲ್ಲಿ ಒಲೆಯ ಮೇಲಿನ ಕರೆಂಟಿನ ಯಂತ್ರ. ಮೂರನ್ನೂ ಕಲಿಸಬೇಕು.

ಫರ್ನಿಚರ್ ಮತ್ತು ಫಿಕ್ಸ್ಚರ್ ವ್ಯತ್ಯಾಸವೂ ಗೊತ್ತಿರಬೇಕು. ಎತ್ತಿಕೊಂಡು ಹೋಗಲಿಕ್ಕೆ ಆಗುವಂಥದ್ದು ಫರ್ನಿಚರ್: ಮಂಚ, ಮೇಜು. ಗೋಡೆಗೋ ನೆಲಕ್ಕೋ ಕಟ್ಟಿಹಾಕಿದ್ದು ಫಿಕ್ಸ್ಚರ್: ಸಿಂಕ್, ಗೋಡೆಯೊಳಗಿನ ಕಪಾಟು. ಹಾಗೇ "ಫರ್ನಿಚರ್ಸ್" ಅಂತ ಬಹುವಚನ ಇಲ್ಲ, ಎಷ್ಟಿದ್ದರೂ ಫರ್ನಿಚರ್ರೇ. ಒಂದನ್ನು ಹೇಳಬೇಕಾದರೆ "ಎ ಪೀಸ್ ಆಫ್ ಫರ್ನಿಚರ್". ಕನ್ನಡದಲ್ಲಿ ಪೀಠೋಪಕರಣ ಅನ್ನೋ ಪದ ಇದೆ, ಪರೀಕ್ಷೆಯ ಹೊರಗೆ ಅದನ್ನು ಹೇಳಿದವರನ್ನು ನಾನು ನೋಡಿಲ್ಲ. ಇನ್ನೊಂದು ಮುಖ್ಯ ಪದಗುಚ್ಛ: ನಾರ್ಮಲ್ ವೇರ್ ಅಂಡ್ ಟೇರ್. ದಿನಬಳಕೆಯಿಂದ ಆಗುವ ಸವಕಲು. ನಾವು ಲೆಕ್ಕಪತ್ರದಲ್ಲಿ ಡಿಪ್ರಿಸಿಯೇಷನ್ ಅಂತ ಬರೀತೇವೆ, ಆದಾಯ ತೆರಿಗೆ ಲೆಕ್ಕದಲ್ಲಿ ಫರ್ನಿಚರ್‌ಗೆ ವರ್ಷಕ್ಕೆ ಶೇ. 10. ವಸ್ತು ಹಳತಾಗ್ತದೆ ಅನ್ನೋದನ್ನು ತೆರಿಗೆ ಇಲಾಖೆಯೇ ಒಪ್ಪುತ್ತದೆ. "ದಿಸ್ ಈಸ್ ನಾರ್ಮಲ್ ವೇರ್ ಅಂಡ್ ಟೇರ್" ಅಂತ ನೆಟ್ಟಗೆ ಹೇಳಲಿಕ್ಕೆ ಬಂದರೆ ಬಾಡಿಗೆದಾರನ ಮಾತಿಗೆ ತೂಕ ಬರ್ತದೆ. ಮನೆಗೆ ಹೋದ ದಿನವೇ ಪಟ್ಟಿ ಹಿಡಿದು ಕೋಣೆ ಕೋಣೆಗೂ ಹೋಗಿ, ಒಂದೊಂದಕ್ಕೂ ಟಿಕ್ ಹಾಕಿ, ಫೋಟೋ ತೆಗೆಯಿರಿ. ಅದು ಇಂಗ್ಲಿಷ್ ಪಾಠವೂ ಹೌದು, ಡೆಪಾಸಿಟ್ ರಕ್ಷಣೆಯೂ ಹೌದು.

ಮೂರನೇ ಮನೆ. ಇಲ್ಲಿ ನಮ್ಮದೇ ಇಂಗ್ಲಿಷ್ ನಮಗೆ ಕೈಕೊಡ್ತದೆ. ಊರಿನ ಹೊಸ ಮನೆಗಳಲ್ಲಿ ಸಿಟೌಟ್ ಇದೆ, ಹಾಲ್ ಇದೆ, ಟೆರೇಸ್ ಇದೆ. ಇಂಗ್ಲೆಂಡಿನವರಿಗೆ ಸಿಟೌಟ್ ಅರ್ಥ ಆಗೋದು ಕಷ್ಟ. ಹಾಲ್ ಅಂದ್ರೆ ಅವರ ಮನೆಯಲ್ಲಿ ಬಾಗಿಲ ಒಳಗಿನ ಓಣಿ, ನಾವು ಟಿವಿ ಇಡುವ ಜಾಗ ಅವರಿಗೆ ಲಿವಿಂಗ್ ರೂಮ್. ಟೆರೇಸ್ ಅಂದ್ರೆ ಅಲ್ಲಿ ಸಾಲು ಮನೆ ಅಂತಲೂ ಅರ್ಥ. ಕಾಟ್ ಅಂದ್ರೆ ಮಗುವಿನ ತೊಟ್ಟಿಲಿನಂಥ ಮಂಚ. ದೊಡ್ಡವರು "ಐ ಸ್ಲೀಪ್ ಆನ್ ಎ ಕಾಟ್" ಅಂದರೆ ಅವರು ಮುಖ ನೋಡ್ತಾರೆ. ಅಮೆರಿಕದವರಿಗೆ ನೆಲಮಹಡಿಯೇ ಫಸ್ಟ್ ಫ್ಲೋರ್. ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುವವರಿಗೆ ಇದು ಮುಖ್ಯ, ಟವೆಲ್ ತಪ್ಪು ಮಹಡಿಗೆ ಹೋಗಬಾರದು ನೋಡಿ. ಅಮೆರಿಕದವರು ಕೇಳುವ ಫಾಸೆಟ್ ಅಂದ್ರೆ ನಮ್ಮ ಟ್ಯಾಪ್, ನೈಟ್‌ಸ್ಟ್ಯಾಂಡ್ ಅಂದ್ರೆ ಮಂಚದ ಪಕ್ಕದ ಸಣ್ಣ ಮೇಜು, ಕ್ಲಾಸೆಟ್ ಅಂದ್ರೆ ಬಟ್ಟೆ ಇಡುವ ಗೋಡೆ ಕಪಾಟು.

ಕಲಿಸುವ ಶಿಕ್ಷಕರಿಗೆ ಒಂದು ವಿನಂತಿ. ಸಾಧ್ಯ ಆದರೆ ಮಕ್ಕಳನ್ನು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಕರಕೊಂಡು ಹೋಗಿ. ವಿಜಯನಾಥ ಶೆಣೈಯವರು ಬಿದ್ದು ಹೋಗಲಿದ್ದ ಹಳೆ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ, ನಮ್ಮ ಕುಂದಾಪುರ ಕಡೆಯ ಹರ್ಕೂರು ಮನೆಯೂ ಅದರಲ್ಲಿದೆ. ಕಂಬ, ತೊಲೆ, ಹೆಬ್ಬಾಗಿಲು, ಒಳಅಂಗಳ ಎಲ್ಲ ಕಣ್ಣೆದುರು. ಪಿಲ್ಲರ್, ಬೀಮ್, ಮೇನ್ ಡೋರ್, ಇನ್ನರ್ ಕೋರ್ಟ್‌ಯಾರ್ಡ್ ಅಂತ ಕೈಯಿಟ್ಟು ತೋರಿಸಿ ಹೇಳಬಹುದು. ಹೋಗಲಿಕ್ಕೆ ಆಗದಿದ್ದರೆ ಮಕ್ಕಳಿಗೆ ಅವರವರ ಮನೆಯ ಚಿತ್ರ ಬಿಡಿಸಲಿಕ್ಕೆ ಹೇಳಿ, ಅದೇ ನಿಮ್ಮ ಚಾರ್ಟ್. ಒಂದು ಕೋಣೆಯ ಮನೆ ಆದರೂ ಅದರಲ್ಲಿ ಇಪ್ಪತ್ತು ಶಬ್ದ ಸಿಗ್ತದೆ. ಪ್ರಶ್ನೆ ಮಾತ್ರ "ನಿನ್ನ ಬೆಡ್‌ರೂಮ್ ಹೇಗಿದೆ" ಅಂತ ಬೇಡ, "ನಿನ್ನ ಮನೆಯಲ್ಲಿ ಎಲ್ಲಿ ಕೂತರೆ ಖುಷಿ" ಅಂತ ಇರಲಿ.

ನಿಮಗೆ ಈ ವಾರದ ಕೆಲಸ ಇಷ್ಟು. ರಾತ್ರಿ ಊಟ ಆದಮೇಲೆ ಮನೆಯ ಒಂದೇ ಒಂದು ಮೂಲೆ ಆರಿಸಿ, ಅಲ್ಲಿರುವ ಐದು ವಸ್ತು ಎಲ್ಲಿದೆ ಅಂತ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ. ಮರುದಿನ ಅದೇ ಐದು, ಮತ್ತೆ ಹೊಸ ಐದು. ನಡುವೆ ಎರಡು ದಿನ ಬಿಟ್ಟು ಮತ್ತೊಮ್ಮೆ ಹಳೆಯದ್ದು ಹೇಳಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ಹತ್ತಿರ ಆ ವಸ್ತುವಿನ ಹಳೆ ಹೆಸರು ಕೇಳಿ ಬರೆದಿಡಿ. ಇಂಗ್ಲಿಷಿಗೆ ತರಲಿಕ್ಕೆ ಆಗದ ಹೆಸರು ಸಿಕ್ಕಿದರೆ ನನಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅವುಗಳನ್ನು ಹೇಗೆ ವಿವರಿಸೋದು ಅಂತ ಒಟ್ಟಿಗೆ ನೋಡುವ.

ಸಿಗುವ ಹಂಗಾರೆ, ನಮಸ್ಕಾರ.